ಜನವರಿ, ಅವರೆಕಾಯಿ ಮತ್ತು ಬರ್ಗರ್ ಒಳಗಿನ ಕೆಂಪು

ಹೊಸ ವರ್ಷ ಬಂದ್ರೆ ಜನವರಿ ಪೂರ್ತಿ ಹಾಲು ಮೊಸರು ಮೊಟ್ಟೆ ಮಾಂಸ ಏನೂ ಮುಟ್ಟಲ್ಲ, ಗಿಡದಿಂದ ಬಂದಿದ್ದು ಮಾತ್ರ ತಿಂತೀವಿ ಅನ್ನೋ ‘ವೀಗನ್ಯುವರಿ’ನ ಈಗ ನಮ್ಮಲ್ಲೂ ಕೆಲವರು ಹಿಡ್ಕೊಂಡಿದ್ದಾರೆ. 2014ರಲ್ಲಿ ಬ್ರಿಟನ್ನಲ್ಲಿ ಶುರುವಾಗಿದ್ದು ಇದು. ಅಲ್ಲಿ ಆ ತಿಂಗಳು ಹಿತ್ತಲಲ್ಲಿ ಕೇಲ್ ಸೊಪ್ಪು, ಲೀಕ್ಸ್ ಇಂಥವು ಬಿಟ್ರೆ ಹೆಚ್ಚೇನೂ ಇರಲ್ಲ, ಪಾಪ. ನಮ್ಮ ಕಡೆ ನೋಡಿ, ಮಾಗಡಿ ಕೋಲಾರ ಬೆಂಗಳೂರು ಎಲ್ಲಿ ಹೋದ್ರೂ ರಸ್ತೆ ಬದಿ ಅವರೆಕಾಯಿ ರಾಶಿ, ವಿವಿ ಪುರಂನಲ್ಲಿ ಅದಕ್ಕೆ ಮೇಳ ಬೇರೆ ಮಾಡ್ತಾ ಬಂದಿದ್ದಾರೆ. ಬಾದಾಮಿ ಹಾಲು, ತೋಫು ಅಂತ ದುಡ್ಡು ಸುರಿಯೋ ಮುಂಚೆ ಒಂದೆರಡು ಕೆಜಿ ಅವರೆಕಾಯಿ ತನ್ನಿ ಅನ್ನೋದು ನನ್ನ ವಾದ.

ಇದು ಚಳಿಗಾಲಕ್ಕೇ ಯಾಕೆ ಬರುತ್ತೆ? ಚಳಿಗಿಂತ ಹೆಚ್ಚಾಗಿ ಇದು ರಾತ್ರಿಯ ಕೆಲಸ. ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಗಾರ್ನರ್ ಮತ್ತು ಅಲ್ಲಾರ್ಡ್ ಅನ್ನೋ ಇಬ್ಬರು ಒಂದು ಜಾತಿ ಹೊಗೆಸೊಪ್ಪು ಬೇಸಿಗೆಲಿ ಬರೀ ಉದ್ದುದ್ದ ಬೆಳೆಯುತ್ತೆ, ಹೂವೇ ಬಿಡಲ್ಲ ಯಾಕೆ ಅಂತ ತಲೆ ಕೆಡಿಸ್ಕೊಂಡು, ಗಿಡಗಳನ್ನ ಸಂಜೆಗೆ ಮುಂಚೆನೇ ಕತ್ತಲೆ ಶೆಡ್‌ಗೆ ತಳ್ಳಿ ನೋಡಿದ್ರು, ಹೂ ಬಂತು, 1920ರಲ್ಲಿ ಅದನ್ನ ಪ್ರಕಟಿಸಿದ್ರು. ಗಿಡ ಲೆಕ್ಕ ಇಡೋದು ಕತ್ತಲೆ ಎಷ್ಟು ಹೊತ್ತು ಇತ್ತು ಅನ್ನೋದನ್ನ ಅಂತ ಆಮೇಲೆ ಗೊತ್ತಾಯ್ತು, ಅದಕ್ಕೆ ಎಲೆಯಲ್ಲಿ ಫೈಟೋಕ್ರೋಮ್ ಅನ್ನೋ ಪ್ರೋಟೀನ್ ಇದೆ. ನಮ್ಮ ನಾಟಿ ಅವರೆನೂ ರಾತ್ರಿ ಉದ್ದವಾದಾಗ ಹೂ ಬಿಡೋ ಇದೇ ಗುಂಪಿನದು. ಬೆಂಗಳೂರಲ್ಲಿ ಜೂನ್‌ಗೂ ಡಿಸೆಂಬರ್‌ಗೂ ಹಗಲಿನ ವ್ಯತ್ಯಾಸ ಬರೀ ಒಂದೂವರೆ ಗಂಟೆ, ನಮಗೆ ಗೊತ್ತೇ ಆಗಲ್ಲ, ಅವರೆಗೆ ಅಷ್ಟು ಸಾಕು. ಅದಕ್ಕೇ ಮಳೆಗಾಲದಲ್ಲಿ ಸ್ವಲ್ಪ ಹಿಂದೆ ಮುಂದೆ ಬಿತ್ತಿದ್ರೂ ಹೂವು ಹೆಚ್ಚುಕಮ್ಮಿ ಒಂದೇ ಟೈಮಿಗೆ ಬರೋದು. ಟೆರೇಸ್ ಮೇಲೆ ಹಬ್ಬಿಸೋರು ರಾತ್ರಿಯಿಡೀ ಲೈಟ್ ಉರಿಯೋ ಜಾಗ ಬಿಟ್ಟು ಬೇರೆ ಕಡೆ ಪಾಟ್ ಇಡಿ, ಇಲ್ಲಾಂದ್ರೆ ಬರೀ ಎಲೆ ನೋಡ್ಕೊಂಡು ಕೂರೋ ಪರಿಸ್ಥಿತಿ ಬರಬಹುದು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದೋರು ತೆಗೆದಿರೋ ಹೆಬ್ಬಾಳ ಅವರೆಗೆ ಈ ಕತ್ತಲೆ ಲೆಕ್ಕ ಇಲ್ಲ, ಯಾವಾಗ ಹಾಕಿದ್ರೂ ಕಾಯಿ ಬಿಡುತ್ತೆ, ಹಾಗಾಗಿ ಈ ತಿಂಗಳು ಬೀಜ ಹಾಕೋರಿಗೆ ಅದೇ ಒಳ್ಳೇದು. ಆದ್ರೆ ಸೊಗಡು ಕಮ್ಮಿ ಅಂತ ತಿನ್ನೋರ ಕಂಪ್ಲೇಂಟು, ನಂದೂ ಅದೇ. ಸೊಗಡು ಇರೋದು ಸಿಪ್ಪೆ ಮೇಲೆ, ಕಾಯಿ ಸುಲಿದ್ಮೇಲೆ ಬೆರಳಿಗೆ ಅಂಟುತ್ತಲ್ಲ ಆ ಎಣ್ಣೆ ಜಿಡ್ಡು, ಅದರಲ್ಲಿ ಕೆಲವು ಕೊಬ್ಬಿನ ಆಮ್ಲಗಳಿವೆ, ವಾಸನೆ ಅದರದ್ದೇ.

ಈಗ ಬರ್ಗರ್ ವಿಷಯ. ಕೊಯ್ಲು ಮುಗಿಯೋ ಮುಂಚೆ, ಗಿಡ ಇನ್ನೂ ಹಸಿರಾಗಿದ್ದಾಗ, ಒಂದು ಬಳ್ಳಿ ಮೆಲ್ಲಗೆ ಮಣ್ಣು ಸಮೇತ ಎತ್ತಿ ಬೇರು ತೊಳೆದು ನೋಡಿ, ಸಾಸಿವೆ ಗಾತ್ರದಿಂದ ಹಿಡಿದು ಇನ್ನೂ ದೊಡ್ಡ ಗಂಟುಗಳು ಕಾಣ್ತವೆ. ಒಂದನ್ನ ಉಗುರಲ್ಲಿ ಸೀಳಿದ್ರೆ ಒಳಗೆ ಗುಲಾಬಿ ಕೆಂಪು. ಅಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ನ ಗೊಬ್ಬರ ಮಾಡ್ತಾ ಕೂತಿರ್ತವೆ, ಆ ಕೆಲಸ ಮಾಡೋ ಕಿಣ್ವಕ್ಕೆ ಆಕ್ಸಿಜನ್ ತಾಗಿದ್ರೆ ಕೆಡುತ್ತೆ, ಆದ್ರೆ ಬ್ಯಾಕ್ಟೀರಿಯಾಗೆ ಉಸಿರಾಡೋಕೆ ಆಕ್ಸಿಜನ್ ಬೇಕೇ ಬೇಕು. ಈ ಪೇಚಾಟಕ್ಕೆ ಗಿಡ ಕಂಡ್ಕೊಂಡಿರೋ ದಾರಿ ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ ಸಂಬಂಧಿ, ಆಕ್ಸಿಜನ್ನ ಹಿಡಿದಿಟ್ಕೊಂಡು ಬೇಕಾದಷ್ಟೇ ಬಿಡುತ್ತೆ. ಅಮೆರಿಕದ ಇಂಪಾಸಿಬಲ್ ಫುಡ್ಸ್ ಕಂಪನಿ ತನ್ನ ಗಿಡಮೂಲದ ಬರ್ಗರ್‌ಗೆ ಮಾಂಸದ ಬಣ್ಣ, ರುಚಿ ಬರಿಸೋಕೆ ಹಾಕೋದು ಸೋಯಾದ ಲೆಗ್‌ಹಿಮೋಗ್ಲೋಬಿನ್ನೇ, ಯೀಸ್ಟ್‌ನಲ್ಲಿ ತಯಾರಿಸಿದ್ದು. ಆ ಜಾತಿಯ ಮಾಲು ನಿಮ್ಮ ಗ್ರೋ ಬ್ಯಾಗಲ್ಲೇ ಇದೆ ಕಣ್ರೀ. ತಿನ್ನೋಕೆ ಹೋಗ್ಬೇಡಿ ಅಷ್ಟೇ. ಬೆಳೆ ಮುಗಿದ್ಮೇಲೆ ಬಳ್ಳಿನ ಬುಡದಲ್ಲಿ ಕತ್ತರಿಸಿ ಬೇರು ಮಣ್ಣಲ್ಲೇ ಬಿಡಿ, ಅದರ ಮೇಲೆ ಮೆಂತ್ಯ ಚೆಲ್ಲಿ, ಅದೂ ಇದೇ ಕುಟುಂಬದ್ದು. ಕೊತ್ತಂಬರಿ ಹಾಕೋದಿದ್ರೆ ಬೀಜ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ಈಗ್ಲೇ ಹಾಕ್ಬಿಡಿ, ಬಿಸಿಲು ಏರಿದ್ರೆ ಸೊಪ್ಪು ಬರೋ ಮುಂಚೆ ಹೂವಿಗೆ ಹೋಗುತ್ತೆ.

ಅಡುಗೆಗೆ ಬಂದ್ರೆ ಹೊಸದೇನೂ ಕಲಿಯೋದಿಲ್ಲ. ರಾಗಿಯಲ್ಲಿ ಲೈಸಿನ್ ಅನ್ನೋ ಅಮೈನೋ ಆಮ್ಲ ಕಮ್ಮಿ, ಅವರೆಯಲ್ಲಿ ಧಾರಾಳ, ಅವರೆಯಲ್ಲಿ ಮಿಥಿಯೋನಿನ್ ಕಮ್ಮಿ, ಅದನ್ನ ರಾಗಿ ತುಂಬಿಸುತ್ತೆ, ಮುದ್ದೆ ಜೊತೆ ಹಿತಕಿದ ಬೇಳೆ ಸಾರು ಅಂದ್ರೆ ಪ್ರೋಟೀನ್ ಲೆಕ್ಕ ಚೆನ್ನಾಗೇ ಕೂತ್ಕೊಳ್ಳುತ್ತೆ. ಹೊಲದಲ್ಲೂ ರಾಗಿ ಜೊತೆ ಅವರೆನ ಅಕ್ಕಡಿ ಸಾಲಲ್ಲಿ ಹಾಕ್ತಿದ್ದಿದ್ದು ನೆನಪಿರ್ಲಿ. ಬಿ12 ಮಾತ್ರ ಯಾವ ಕಾಳು ಸೊಪ್ಪಲ್ಲೂ ನೆಚ್ಚಿಕೊಳ್ಳೋಷ್ಟು ಇಲ್ಲ, ಒಂದು ತಿಂಗಳಿಗೆ ಪರವಾಗಿಲ್ಲ, ಪೂರ್ತಿ ಹೀಗೇ ಇರೋರು ಡಾಕ್ಟರ್ ಕೇಳಿ ಮಾತ್ರೆ ತಗೊಳ್ಳಿ. ಒಣಗಿದ ಅವರೆಕಾಳನ್ನ ಹಸಿಯಾಗಿ ತಿನ್ಬೇಡಿ, ಸೈನೈಡ್ ಬಿಡೋ ಅಂಶ ಸ್ವಲ್ಪ ಇರುತ್ತೆ, ರಾತ್ರಿ ನೆನೆಸಿ ನೀರು ಚೆಲ್ಲಿ ಚೆನ್ನಾಗಿ ಬೇಯಿಸಿ. ಇನ್ನು ಸಾರಿನಲ್ಲಿ ಬದಲಾಯಿಸ್ಬೇಕಾಗಿರೋದು ಒಗ್ಗರಣೆ ಒಂದೇ, ತುಪ್ಪದ ಜಾಗಕ್ಕೆ ಕಡ್ಲೆಕಾಯಿ ಎಣ್ಣೆ, ಇಂಗು ಸ್ವಲ್ಪ ಜಾಸ್ತಿನೇ ಇರ್ಲಿ.