ಇಪ್ಪತ್ನಾಲ್ಕೂವರೆ ಪೌಂಡಿನ ಚೀಲ

ಅಮೆರಿಕದ ಹಳೆಯ ಬಟ್ಟೆಯ ಹಿಟ್ಟಿನ ಚೀಲಗಳ ಮೇಲೆ ತೂಕ ಅಚ್ಚಾಗಿರುತ್ತದೆ. 98 ಪೌಂಡ್, 49 ಪೌಂಡ್, ಚಿಕ್ಕದಾದರೆ 24½. ವಿಚಿತ್ರ ಲೆಕ್ಕ ಅಲ್ವಾ? ಮೂಲ ಪೀಪಾಯಿಯಲ್ಲಿದೆ. ಒಂದು ಪೀಪಾಯಿ ಹಿಟ್ಟು ಅಂದರೆ 196 ಪೌಂಡ್. ಮರದ ಪೀಪಾಯಿ ಹೋಯಿತು, ಅದರ ಅರ್ಧ, ಕಾಲು, ಅರೆಕಾಲು ಚೀಲದ ಮೇಲೆ ಉಳಿಯಿತು.

ಹಳ್ಳಿಯ ಗಿರಣಿಗೆ ಮೊದಲು ಇದ್ಯಾವುದೂ ಬೇಕಿರಲಿಲ್ಲ. ತೊರೆಯ ಪಕ್ಕ ನೀರಿನ ಚಕ್ರ, ಒಳಗೆ ಜೋಡಿ ಬೀಸುಕಲ್ಲು. ರೈತ ತನ್ನ ಚೀಲದಲ್ಲೇ ಕಾಳು ತಂದು, ಅದೇ ಚೀಲದಲ್ಲಿ ಹಿಟ್ಟು ಒಯ್ಯುತ್ತಿದ್ದ. ಬೀಸಿದ ಕೂಲಿಗೆ ಕಾಳಿನಲ್ಲೇ ಒಂದು ಪಾಲು. ದೂರದ ಪೇಟೆಗೆ ಕಳಿಸುವ ಹಿಟ್ಟಿಗೆ ಮಾತ್ರ ಪೀಪಾಯಿ. ಕೈಹೊಲಿಗೆ ಅಷ್ಟು ಭಾರ ತಡೆಯುತ್ತಿರಲಿಲ್ಲ. 1846ರಲ್ಲಿ ಎಲಿಯಾಸ್ ಹೋ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದ ಮೇಲೆ ಗಟ್ಟಿ ಹೊಲಿಗೆಯ ಬಟ್ಟೆ ಚೀಲ ಬಂತು.

ಹಳ್ಳಿ ಗಿರಣಿಗೆ ಪೆಟ್ಟು ಬಿದ್ದದ್ದು ಉಕ್ಕಿನ ರೋಲರ್‌ಗಳಿಂದ. 1878ರ ಮೇ 2ರಂದು ಮಿನಿಯಾಪೊಲಿಸ್‌ನ ವಾಶ್‌ಬರ್ನ್ ಗಿರಣಿಯಲ್ಲಿ ಹಿಟ್ಟಿನ ಧೂಳಿಗೆ ಬೆಂಕಿ ತಗುಲಿ ಸ್ಫೋಟವಾಯಿತು. 18 ಜನ ಸತ್ತರು. (ಗಾಳಿಯಲ್ಲಿ ತೇಲುವ ಹಿಟ್ಟು ಮದ್ದಿನಂತೆ ಸಿಡಿಯುತ್ತದೆ.) 1880ರಲ್ಲಿ ಮತ್ತೆ ಕಟ್ಟಿದಾಗ ರೋಲರ್‌ಗಳು ಬಂದವು. ಕಲ್ಲಿನಲ್ಲಿ ಬೀಸಿದರೆ ಗೋಧಿಯ ಮೊಳಕೆ ಭಾಗದ ಎಣ್ಣೆಯೂ ಹಿಟ್ಟಿಗೆ ಸೇರಿ, ಬೇಗ ಕಮಟು ವಾಸನೆ ಬರುತ್ತದೆ. ರೋಲರ್ ಅದನ್ನೂ ಬೂಸಾವನ್ನೂ ಬೇರೆ ಮಾಡಿತು. ಹಿಟ್ಟು ಬೆಳ್ಳಗಾಯಿತು, ಜಾಸ್ತಿ ದಿನ ಉಳಿಯಿತು, ರೈಲು ಹತ್ತಿ ಊರೂರಿಗೆ ಹೋಯಿತು. ರುಚಿ ಎಷ್ಟು ಹೋಯಿತು ಅಂತ ಯಾರೂ ತೂಗಲಿಲ್ಲ.

ಖಾಲಿ ಚೀಲವನ್ನು ಮಾತ್ರ ಯಾರೂ ಸುಮ್ನೆ ಎಸೆಯಲಿಲ್ಲ. ಅದು ಸರಪಳಿ ಹೊಲಿಗೆ. ಸರಿಯಾದ ತುದಿ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಆ ದಾರವನ್ನೂ ಸುತ್ತಿ ಇಡುತ್ತಿದ್ದರು. ಬಟ್ಟೆ ಪಾತ್ರೆ ಒರೆಸುವುದಕ್ಕೆ, ದಿಂಬಿಗೆ, ಮಕ್ಕಳ ಒಳಉಡುಪಿಗೆ. ಅಚ್ಚಿನ ಶಾಯಿ ಹೋಗಿಸುವುದೇ ದೊಡ್ಡ ಕೆಲಸ. ಗಿರಣಿಯ ಹೆಸರು ಬೆನ್ನ ಮೇಲೆ ಹೊತ್ತು ತಿರುಗಿದ ಮಕ್ಕಳಿಗೇನೂ ಕಡಿಮೆಯಿಲ್ಲ.

ಇದನ್ನು ಕಂಪನಿಗಳು ಗಮನಿಸದೆ ಇರುತ್ತವೆಯೇ? 1924ರಲ್ಲಿ ಏಸಾ ಬೇಲ್ಸ್ ಎಂಬಾತ ಉಡುಪು ಹೊಲಿಯಲು ಒಪ್ಪುವ ಚೌಕಳಿ ಬಟ್ಟೆಯ ಚೀಲಕ್ಕೆ ಪೇಟೆಂಟ್ ಪಡೆದ. 1930ರ ದಶಕದ ಬಡತನದಲ್ಲಿ ಹೂವಿನ ಚೀಲಗಳ ಭರಾಟೆ. ದೊಡ್ಡವರ ಒಂದು ಉಡುಪಿಗೆ ಸುಮಾರು ಮೂರು ದೊಡ್ಡ ಚೀಲ ಬೇಕು, ಮೂರರಲ್ಲೂ ಅದೇ ಹೂವಿರಬೇಕು. ಹಾಗಾಗಿ ಅಂಗಡಿಯಲ್ಲಿ ಅಟ್ಟಿಯ ತಳದಲ್ಲಿದ್ದ ಚೀಲವೇ ಬೇಕು ಅಂತ ಮೇಲಿನವನ್ನೆಲ್ಲ ಇಳಿಸುವ ಕೆಲಸ.

ಎರಡನೇ ಮಹಾಯುದ್ಧದ ನಂತರ ಅಗ್ಗದ ಕಾಗದದ ಚೀಲ ಗೆದ್ದಿತು. ಈಗ ಅಲ್ಲಿ 5, 10, 25 ಪೌಂಡಿನ ಪೊಟ್ಟಣ. ಅರೆ ಪೌಂಡಿನ ತಕರಾರಿಲ್ಲ.