ಪದ ಪರಿಚಯ: ಹಿಂದಿನ ದೋಷಸಿದ್ಧಿ

‘ಬಂಧಿತನ ಮೇಲೆ ಈಗಾಗಲೇ ಹನ್ನೆರಡು ಪ್ರಕರಣಗಳಿವೆ’ ಎಂಬ ಸಾಲನ್ನು ಪತ್ರಿಕೆಯಲ್ಲಿ ಓದಿದೊಡನೆ ಆ ವ್ಯಕ್ತಿ ನಮ್ಮ ಕಣ್ಣಿಗೆ ಹನ್ನೆರಡು ಅಪರಾಧ ಮಾಡಿದವನಾಗಿಬಿಡುತ್ತಾನೆ. ಆ ಹನ್ನೆರಡರಲ್ಲಿ ಐದು ಇನ್ನೂ ವಿಚಾರಣೆಯ ಹಂತದಲ್ಲಿರಬಹುದು, ನಾಲ್ಕು ಸಾಕ್ಷಿಯಿಲ್ಲದೆ ಖುಲಾಸೆಯಾಗಿರಬಹುದು, ಎರಡು ರಾಜಿಯಲ್ಲಿ ಮುಗಿದಿರಬಹುದು, ಒಂದರಲ್ಲಿ ಮಾತ್ರ ನ್ಯಾಯಾಲಯ ಅವನನ್ನು ಅಪರಾಧಿಯೆಂದು ತೀರ್ಮಾನಿಸಿರಬಹುದು. ಮರಳಿ ತಪ್ಪು ಮಾಡಿದ್ದಕ್ಕೆಂದು ಶಿಕ್ಷೆಯನ್ನು ಹೆಚ್ಚಿಸುವ ಪ್ರಶ್ನೆ ಬಂದಾಗ ಕಾನೂನು ಲೆಕ್ಕಕ್ಕೆ ಹಿಡಿಯುವುದು ಆ ಒಂದನ್ನೇ. ಅದೇ ಹಿಂದಿನ ದೋಷಸಿದ್ಧಿ.

ಆರೋಪ ಸಾಬೀತಾಗಿದೆ ಎಂದು ನ್ಯಾಯಾಲಯವು ವಿಚಾರಣೆ ಮುಗಿಸಿ ಕೊಡುವ ತೀರ್ಮಾನಕ್ಕೆ, ಅಥವಾ ಆರೋಪಿಯೇ ತಪ್ಪೊಪ್ಪಿಕೊಂಡಾಗ ಅದನ್ನು ಅಂಗೀಕರಿಸಿ ಕೊಡುವ ತೀರ್ಮಾನಕ್ಕೆ ದೋಷಸಿದ್ಧಿ ಎಂದು ಹೆಸರು. ಎಫ್‌ಐಆರ್ ದೋಷಸಿದ್ಧಿಯಲ್ಲ, ಚಾರ್ಜ್‌ಶೀಟ್ ದೋಷಸಿದ್ಧಿಯಲ್ಲ, ವಿಚಾರಣಾಧೀನ ಕೈದಿಯಾಗಿ ಜೈಲಿನಲ್ಲಿ ಕಳೆದ ವರ್ಷಗಳೂ ದೋಷಸಿದ್ಧಿಯಲ್ಲ. ‘ರೌಡಿ ಶೀಟರ್’, ‘ಎಂ.ಓ.ಬಿ. ಆಸಾಮಿ’ (ಅಪರಾಧ ಎಸಗುವ ವಿಧಾನಗಳ ದಾಖಲೆಯಲ್ಲಿ ಹೆಸರಿರುವವನು) ಎಂಬ ಮಾತುಗಳು ಪೊಲೀಸ್ ಠಾಣೆಯವರು ತಮ್ಮ ನಿಗಾಕ್ಕಾಗಿ ಇಟ್ಟುಕೊಳ್ಳುವ ದಾಖಲೆಗಳಿಂದ ಬಂದವು; ಹೆಸರು ಅಲ್ಲಿದೆ ಎಂಬ ಒಂದೇ ಕಾರಣಕ್ಕೆ ಯಾವ ನ್ಯಾಯಾಧೀಶರೂ ಶಿಕ್ಷೆಯನ್ನು ಒಂದು ದಿನವೂ ಹೆಚ್ಚಿಸುವಂತಿಲ್ಲ.

ನಮ್ಮಲ್ಲಿ ಈ ಕಲ್ಪನೆಗೆ 1860ರ ಭಾರತೀಯ ದಂಡ ಸಂಹಿತೆಯ 75ನೇ ಕಲಂ ಆಧಾರವಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 13ನೇ ಕಲಂ ಆಗಿ ಮುಂದುವರಿದಿದೆ. ನಾಣ್ಯ, ನೋಟು, ಸರ್ಕಾರಿ ಸ್ಟಾಂಪುಗಳಿಗೆ ಸಂಬಂಧಿಸಿದ ಅಥವಾ ಸ್ವತ್ತಿಗೆ ಸಂಬಂಧಿಸಿದ ಅಧ್ಯಾಯದಲ್ಲಿನ, ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಸಜೆಗೆ ಅರ್ಹವಾದ ಅಪರಾಧಕ್ಕಾಗಿ ಒಮ್ಮೆ ದೋಷಸಿದ್ಧಿಯಾದವನು, ಆ ಎರಡರಲ್ಲಿ ಯಾವುದಾದರೊಂದು ಅಧ್ಯಾಯದ ಅಂಥದೇ ಅಪರಾಧವನ್ನು ಮತ್ತೆ ಮಾಡಿದರೆ, ಜೀವಾವಧಿ ಅಥವಾ ಹತ್ತು ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗುತ್ತಾನೆ. ಇಲ್ಲಿ ‘ವರೆಗೆ’ ಎಂಬ ಪದವನ್ನು ಗಮನಿಸಬೇಕು. ಕಾನೂನು ಮೇಲಿನ ಮಿತಿಯನ್ನು ಏರಿಸಿದೆಯೇ ಹೊರತು ಇಷ್ಟೇ ಕೊಡಬೇಕೆಂದು ನ್ಯಾಯಾಧೀಶರ ಕೈಯನ್ನು ಕಟ್ಟಿಲ್ಲ. ಜೊತೆಗೆ, ಎರಡನೆಯ ಅಪರಾಧ ನಡೆದಿರಬೇಕಾದದ್ದು ಮೊದಲನೆಯದರ ತೀರ್ಪಿನ ನಂತರ. ಒಂದೇ ವಾರದಲ್ಲಿ ನಾಲ್ಕು ಮನೆಗಳಿಗೆ ಕನ್ನ ಹಾಕಿ ಒಟ್ಟಿಗೆ ಸಿಕ್ಕಿಬಿದ್ದವನು ಈ ಕಲಮಿನ ಅಡಿ ಬರುವುದಿಲ್ಲ, ಏಕೆಂದರೆ ನ್ಯಾಯಾಲಯದ ಎಚ್ಚರಿಕೆ ಅವನಿಗೆ ಇನ್ನೂ ಮುಟ್ಟಿರಲಿಲ್ಲ.

ಬಿಡಿ ಬಿಡಿ ಅಪರಾಧಗಳಿಗೂ ಇಂಥ ಏರಿಕೆ ಇದೆ. ಬಸ್ ನಿಲ್ದಾಣದಲ್ಲಿ ನಾಲ್ಕು ಸಾವಿರ ರೂಪಾಯಿಯ ಮೊಬೈಲ್ ಕದ್ದವನನ್ನೇ ತೆಗೆದುಕೊಳ್ಳೋಣ. ಹೊಸ ಸಂಹಿತೆಯ 303ನೇ ಕಲಮಿನ ಪ್ರಕಾರ, ಕದ್ದ ಮಾಲು 5,000 ರೂಪಾಯಿಗಿಂತ ಕಡಿಮೆ ಬೆಲೆಯದಾಗಿದ್ದು, ಅವನಿಗೆ ಇದು ಮೊದಲ ದೋಷಸಿದ್ಧಿಯಾಗಿದ್ದು, ಮಾಲನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಿಗುವುದು ಸಮುದಾಯ ಸೇವೆಯ ಶಿಕ್ಷೆ, ಅಂದರೆ ಸಂಬಳವಿಲ್ಲದೆ ಸಾರ್ವಜನಿಕರಿಗಾಗಿ ಮಾಡುವ ಕೆಲಸ. ಅದೇ ಮೊಬೈಲು, ಅದೇ ನಿಲ್ದಾಣ, ಆದರೆ ಇದು ಕಳ್ಳತನಕ್ಕಾಗಿ ಎರಡನೆಯ ದೋಷಸಿದ್ಧಿ ಎಂದಾದರೆ, ಕನಿಷ್ಠ ಒಂದು ವರ್ಷದಿಂದ ಐದು ವರ್ಷಗಳವರೆಗೆ ಕಠಿಣ ಸಜೆ ಮತ್ತು ದಂಡ. ಬೀದಿ ಗುಡಿಸುವುದಕ್ಕೂ ಜೈಲಿನ ಗೋಡೆಗೂ ನಡುವೆ ನಿಂತಿರುವುದು ಹಳೆಯ ತೀರ್ಪಿನ ಒಂದು ಹಾಳೆ.

ಆ ಹಾಳೆಯ ತೂಕ ಗೊತ್ತಿರುವುದರಿಂದಲೇ ಕಾನೂನು ಅದನ್ನು ಬಹಳ ಜೋಪಾನವಾಗಿ ಬಳಸುತ್ತದೆ. ನಮ್ಮ ವಿಚಾರಣಾ ಪದ್ಧತಿಯಲ್ಲಿ ನನಗೆ ಅತ್ಯಂತ ನ್ಯಾಯಯುತವೆನಿಸುವ ಏರ್ಪಾಡುಗಳಲ್ಲಿ ಇದೂ ಒಂದು. ಹಿಂದಿನ ದೋಷಸಿದ್ಧಿಯ ಆಧಾರದ ಮೇಲೆ ಹೆಚ್ಚಿನ ಶಿಕ್ಷೆ ಬೇಕೆಂದು ಪ್ರಾಸಿಕ್ಯೂಷನ್ ಬಯಸಿದರೆ ಅದರ ದಿನಾಂಕವನ್ನೂ ಸ್ಥಳವನ್ನೂ ದೋಷಾರೋಪದಲ್ಲಿ ನಮೂದಿಸಬೇಕು. ಆದರೆ ಸೆಷನ್ಸ್ ವಿಚಾರಣೆಯಲ್ಲಿ, ಈಗಿನ ಅಪರಾಧ ಸಾಬೀತಾಗುವ ತನಕ, ಆ ಭಾಗವನ್ನು ಆರೋಪಿಗೆ ಓದಿ ಹೇಳುವಂತಿಲ್ಲ, ಅದರ ಬಗ್ಗೆ ಅವನ ಉತ್ತರ ಕೇಳುವಂತಿಲ್ಲ, ಪ್ರಾಸಿಕ್ಯೂಷನ್ ಅದನ್ನು ಪ್ರಸ್ತಾಪಿಸುವಂತೆಯೂ ಇಲ್ಲ. ಹಿಂದೆ ಕದ್ದವನು ಈಗಲೂ ಕದ್ದೇ ಇರುತ್ತಾನೆ ಎಂಬ ಊಹೆ ಸಾಕ್ಷ್ಯದ ಜಾಗದಲ್ಲಿ ಬಂದು ಕೂರಬಾರದು ಎಂಬುದೇ ಇದರ ಉದ್ದೇಶ. ಅಪರಾಧ ಸಾಬೀತಾದ ಮೇಲೆ ಹಳೆಯ ತೀರ್ಪಿನ ದೃಢೀಕೃತ ನಕಲನ್ನೋ ಜೈಲು ಅಧಿಕಾರಿಯ ಪ್ರಮಾಣಪತ್ರವನ್ನೋ ಹಾಜರುಪಡಿಸಬೇಕು. ಅಂದು ಶಿಕ್ಷೆಗೊಳಗಾದವನೂ ಇಂದು ಕಟಕಟೆಯಲ್ಲಿ ನಿಂತಿರುವವನೂ ಒಬ್ಬನೇ ಎಂಬುದನ್ನು ಬೇರೆಯಾಗಿ ರುಜುವಾತುಪಡಿಸಬೇಕು. ಒಂದೇ ಹೆಸರು, ಒಂದೇ ತಂದೆಯ ಹೆಸರು ಇರುವವರು ನಮ್ಮ ಪ್ರತಿ ಊರಲ್ಲೂ ಇರುವಾಗ ಇದು ಸಣ್ಣ ಮಾತಲ್ಲ.

ನ್ಯಾಯಾಧೀಶರ ವಿವೇಚನೆಗೆ ಹೆಚ್ಚು ಎಡೆ ಕೊಡದ ಎಣಿಕೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1994ರಲ್ಲಿ ತಂದ ‘ಮೂರು ಸ್ಟ್ರೈಕ್’ ಕಾನೂನನ್ನು ನೋಡಬಹುದು. ಬೇಸ್‌ಬಾಲ್ ಆಟದಲ್ಲಿ ಮೂರು ಸ್ಟ್ರೈಕ್ ಆದರೆ ಆಟಗಾರ ಔಟ್. ಹೆಸರು ಬಂದದ್ದು ಅಲ್ಲಿಂದ. ಹಿಂದೆ ಎರಡು ಗಂಭೀರ ಅಥವಾ ಹಿಂಸಾತ್ಮಕ ಅಪರಾಧಗಳಿಗೆ ದೋಷಸಿದ್ಧಿಯಾದವನು ಮೂರನೆಯದಾಗಿ ಯಾವ ಫೆಲೊನಿ (ಅಲ್ಲಿನ ಕಾನೂನಿನಲ್ಲಿ ದೊಡ್ಡ ಅಪರಾಧಗಳ ವರ್ಗ) ಮಾಡಿದರೂ ಕನಿಷ್ಠ 25 ವರ್ಷದಿಂದ ಜೀವಾವಧಿಯವರೆಗಿನ ಸಜೆ. ಮೂರು ಗಾಲ್ಫ್ ಕೋಲುಗಳನ್ನು ಕದ್ದವನೊಬ್ಬನಿಗೆ ಹೀಗೆಯೇ ಶಿಕ್ಷೆಯಾಯಿತು. 2003ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಹಳೆಯ ದೋಷಸಿದ್ಧಿಯನ್ನು ಸೂಕ್ತ ಸಂದರ್ಭದಲ್ಲಿ ಕೈಬಿಡುವ ಅಧಿಕಾರ ನ್ಯಾಯಾಧೀಶರಿಗಿದೆ ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತಾದರೂ, ಮೂರನೆಯದೂ ಸಾಮಾನ್ಯವಾಗಿ ಗಂಭೀರ ಅಥವಾ ಹಿಂಸಾತ್ಮಕ ಅಪರಾಧವೇ ಆಗಿರಬೇಕು ಎಂಬ ತಿದ್ದುಪಡಿಗೆ ಮತದಾರರು ಒಪ್ಪಿದ್ದು 2012ರಲ್ಲಿ.

‘ಹಿಂದಿನ ದೋಷಸಿದ್ಧಿ’ಯೊಂದಿಗೆ ಬೆರೆಸಬಾರದ ಇನ್ನೊಂದು ಮಾತು ‘ರೂಢಿಗತ ಅಪರಾಧಿ’. ಪತ್ರಿಕೆಗಳ ಭಾಷೆಯಲ್ಲಿ ‘ಚಾಳಿಬಿದ್ದ ಅಪರಾಧಿ’. ಮೊದಲನೆಯದು ಒಂದು ಘಟನೆಯ ಹೆಸರು, ಎರಡನೆಯದು ಒಬ್ಬ ಮನುಷ್ಯನಿಗೆ ಹಚ್ಚುವ ಹೆಸರು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಯಾವ ತೀರ್ಪೂ ಇಲ್ಲದೆ ಇಡೀ ಸಮುದಾಯಗಳಿಗೆ ಹುಟ್ಟಿನಿಂದಲೇ ಆ ಹೆಸರನ್ನು ಹಚ್ಚಿತು. ಅವರನ್ನು ತಂತಿಬೇಲಿಯೊಳಗೆ ಇರಿಸಿದ್ದ ಜಾಗದ ನೆನಪು ಹುಬ್ಬಳ್ಳಿಯ ‘ಸೆಟ್ಲಮೆಂಟ್’ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿದೆ. 1952ರಲ್ಲಿ ಕಾಯ್ದೆ ರದ್ದಾದರೂ ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆಗಳನ್ನು ಇಟ್ಟುಕೊಂಡವು, ಕರ್ನಾಟಕದ್ದು 1961ರದು. ಜೈಲುಗಳಲ್ಲಿನ ಜಾತಿ ತಾರತಮ್ಯದ ಕುರಿತು 2024ರ ಅಕ್ಟೋಬರ್‌ನಲ್ಲಿ ನೀಡಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೈಲು ಕೈಪಿಡಿಗಳು ಶಾಸನದ ವ್ಯಾಖ್ಯೆಯನ್ನು ಬಿಟ್ಟು ಯಾರನ್ನೂ ಹಾಗೆ ಕರೆಯಕೂಡದು ಎಂದಿತು.

ಜೈಲಿನಲ್ಲಿರುವವರ ಮನೆಯವರು ತಿಳಿದಿರಬೇಕಾದ ಸಂಗತಿಯೊಂದಿದೆ. ಅಪರಾಧ ಪ್ರಕರಣಗಳ ತನಿಖೆ, ವಿಚಾರಣೆಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆಂದೂ ದೋಷಸಿದ್ಧಿಯಾಗಿರದ ವಿಚಾರಣಾಧೀನ ಕೈದಿಯನ್ನು, ಆರೋಪವು ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯದಲ್ಲದಿದ್ದರೆ, ಗರಿಷ್ಠ ಸಜೆಯ ಮೂರನೇ ಒಂದು ಭಾಗ ಕಳೆದ ಮೇಲೆ ಮುಚ್ಚಳಿಕೆ ಪಡೆದು ಬಿಡುಗಡೆ ಮಾಡಬೇಕು. ಉಳಿದವರು ಅರ್ಧ ಅವಧಿ ಕಾಯಬೇಕು. ಆದರೆ ಅದೇ ಕಲಂ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇರುವವರಿಗೆ ಈ ಸೌಲಭ್ಯವಿಲ್ಲ ಎಂದೂ ಹೇಳುತ್ತದೆ. ಬರೀ ಕೇಸುಗಳ ಸಂಖ್ಯೆಯನ್ನು ಕಾನೂನೇ ಲೆಕ್ಕಕ್ಕೆ ಹಿಡಿದಿರುವ ಜಾಗ ಇದು, ಮತ್ತು ನನ್ನ ದೃಷ್ಟಿಯಲ್ಲಿ ತಿದ್ದಬೇಕಾದ ಜಾಗವೂ ಹೌದು.