ಸಾವಿರ ಡಾಲರ್‌ನಲ್ಲಿ ಲಾಂಗ್ ವೀಕೆಂಡ್: ಸೇಂಟ್ ಲೂಯಿಸ್‌ಗೆ ಹೋಗಿ ಬರಬಹುದಾ?

ಪ್ರಶ್ನೆ: ನಾವು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇವೆ. ನಾನು, ನಮ್ಮ ಯಜಮಾನರು, ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು. ಎಲ್ಲರೂ ಸಸ್ಯಾಹಾರಿಗಳು. ಸೆಪ್ಟೆಂಬರ್ ಮೊದಲ ಸೋಮವಾರದ ರಜೆ ಸೇರಿದ ಲೇಬರ್ ಡೇ ವೀಕೆಂಡ್‌ಗೆ ಎಲ್ಲಿಗಾದರೂ ಹೋಗಬೇಕು ಅಂತ ಆಸೆ. ದೊಡ್ಡ ಊರು ಬೇಡ, ಹೋದ ವರ್ಷ ನ್ಯೂಯಾರ್ಕ್‌ಗೆ ಹೋಗಿ ಜೇಬು ಖಾಲಿ ಮಾಡಿಕೊಂಡು ಬಂದೆವು. ಈ ಸಲ ಎಲ್ಲಾ ಸೇರಿ ಸಾವಿರ ಡಾಲರ್ ದಾಟಬಾರದು. ಇದು ಆಗುವ ಮಾತಾ?

ಉತ್ತರ: ಆಗುತ್ತದೆ. ಆದರೆ ಹೋಟೆಲ್ ಡಿಸ್ಕೌಂಟ್ ಹುಡುಕುವುದರಿಂದ ಶುರು ಮಾಡಬೇಡಿ. ಮೊದಲು ಊರನ್ನು ಸರಿಯಾಗಿ ಆರಿಸಿ. ನೋಡುವ ಜಾಗಗಳಿಗೆ ಊರಿನವರೇ ತೆರಿಗೆ ಕಟ್ಟಿ, ಬಂದವರನ್ನೆಲ್ಲ ಬಿಟ್ಟಿಯಾಗಿ ಒಳಗೆ ಬಿಡುವ ಊರಾದರೆ ನಿಮ್ಮ ಅರ್ಧ ಲೆಕ್ಕ ಅಲ್ಲೇ ಮುಗಿಯಿತು. ನಿಮ್ಮ ಮನೆಯಿಂದ ಐದು ಗಂಟೆಯೊಳಗೆ ಅಂಥದ್ದೊಂದು ಊರಿದೆ: ಸೇಂಟ್ ಲೂಯಿಸ್.

ಇದರ ಹಿಂದೆ ಒಂದು ಕಥೆ ಇದೆ. 1904ರಲ್ಲಿ ಇಲ್ಲಿ ವರ್ಲ್ಡ್ಸ್ ಫೇರ್ ನಡೆಯಿತು, ಫಾರೆಸ್ಟ್ ಪಾರ್ಕ್ ಎಂಬ ಭಾರಿ ಉದ್ಯಾನದಲ್ಲಿ. ಜಾತ್ರೆಗೆಂದು ಕಟ್ಟಿದ ದೊಡ್ಡ ಪಕ್ಷಿ ಪಂಜರವನ್ನು ಊರಿನವರು ಉಳಿಸಿಕೊಂಡರು. ಅದರ ಸುತ್ತ ಮೃಗಾಲಯ ಬೆಳೆಯಿತು. 1916ರಲ್ಲಿ ಜನ ಮತ ಹಾಕಿ ಮೃಗಾಲಯಕ್ಕೆಂದೇ ಒಂದು ತೆರಿಗೆ ಒಪ್ಪಿಕೊಂಡರು. 1971ರಲ್ಲಿ ಊರು ಮತ್ತು ಪಕ್ಕದ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಸೇರಿ ಮೃಗಾಲಯ, ಆರ್ಟ್ ಮ್ಯೂಸಿಯಂಗಳಿಗೆ ಆಸ್ತಿ ತೆರಿಗೆಯಿಂದಲೇ ದುಡ್ಡು ಕೊಡುವ ಏರ್ಪಾಡು ಮಾಡಿಕೊಂಡವು. ಹಾಗಾಗಿ ಇವತ್ತಿಗೂ ಮೃಗಾಲಯದ ಗೇಟಿನಲ್ಲಿ ಟಿಕೆಟ್ ಇಲ್ಲ. ಆರ್ಟ್ ಮ್ಯೂಸಿಯಂನಲ್ಲಿ ಇಲ್ಲ. ಹಿಸ್ಟರಿ ಮ್ಯೂಸಿಯಂನಲ್ಲೂ ಇಲ್ಲ. ಕಲೆಗೆ ಅರ್ಪಿತ, ಎಲ್ಲರಿಗೂ ಉಚಿತ ಎಂಬ ಅರ್ಥದ ಸಾಲನ್ನು ಆರ್ಟ್ ಮ್ಯೂಸಿಯಂನ ಕಲ್ಲಿನ ಮೇಲೇ ಕೆತ್ತಿದ್ದಾರೆ. ಬೇರೆ ಊರುಗಳಲ್ಲಿ ನಾಲ್ಕು ಜನ ಮೃಗಾಲಯಕ್ಕೆ ಹೋದರೆ ನೂರು ಡಾಲರ್ ಮುಟ್ಟುವುದು ಕಷ್ಟವೇನಲ್ಲ, ಅಲ್ವಾ?

ಇನ್ನು ಎಷ್ಟು ರಾತ್ರಿ ಅನ್ನುವ ಪ್ರಶ್ನೆ. ಹೆಚ್ಚಿನವರು ಶುಕ್ರವಾರ ಸಂಜೆ ಆಫೀಸ್ ಮುಗಿಸಿ ಹೊರಡುತ್ತಾರೆ. ಟ್ರಾಫಿಕ್‌ನಲ್ಲಿ ಸಿಕ್ಕಿ ರಾತ್ರಿ ಹನ್ನೊಂದಕ್ಕೆ ಹೋಟೆಲ್ ಸೇರಿ, ಬರೀ ನಿದ್ದೆಗೆ ಒಂದು ರಾತ್ರಿಯ ಬಾಡಿಗೆ ಕೊಡುತ್ತಾರೆ. ನನ್ನ ಮಾತು ಕೇಳಿ, ಶನಿವಾರ ಬೆಳಗ್ಗೆ ಆರಕ್ಕೆ ಹೊರಡಿ. ಮೂರು ದಿನ, ಎರಡೇ ರಾತ್ರಿ. ಐ-55 ಹೆದ್ದಾರಿ ಹಿಡಿದರೆ ಒಂಬತ್ತು, ಒಂಬತ್ತೂವರೆಗೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುತ್ತೀರಿ. ಅಲ್ಲಿ ಅಬ್ರಹಾಂ ಲಿಂಕನ್ ಅಧ್ಯಕ್ಷರಾಗುವ ಮೊದಲು 17 ವರ್ಷ ಬಾಳಿದ ಮನೆಯಿದೆ. ಅವರು ಸ್ವಂತಕ್ಕೆ ಕೊಂಡ ಮನೆ ಅದೊಂದೇ. ನ್ಯಾಷನಲ್ ಪಾರ್ಕ್ ಸರ್ವಿಸ್ ನೋಡಿಕೊಳ್ಳುವ ಜಾಗ, ಒಳಗೆ ಕರೆದುಕೊಂಡು ಹೋಗಿ ತೋರಿಸುತ್ತಾರೆ, ದುಡ್ಡಿಲ್ಲ. ಹನ್ನೊಂದು ವರ್ಷದ ಮಗುವಿಗೆ ಸ್ಕೂಲಿನ ಪಾಠ ಕಣ್ಣೆದುರು ಬಂದಂತಾಗುತ್ತದೆ. ಬುತ್ತಿ ಬಿಚ್ಚಲೂ ಅದು ಸರಿಯಾದ ಹೊತ್ತು. ಅಲ್ಲಿಂದ ಸೇಂಟ್ ಲೂಯಿಸ್‌ಗೆ ಇನ್ನು ನೂರು ಮೈಲಿ.

ಬುತ್ತಿ ಅಂದೆನಲ್ಲ. ಪುಳಿಯೋಗರೆ, ಚಪಾತಿ, ಚಟ್ನಿಪುಡಿ, ಮೊದಲ ದಿನಕ್ಕೆ ಅಷ್ಟು ಸಾಕು. ಕೂಲರ್‌ನಲ್ಲಿ ಒಂದು ಡಬ್ಬಿ ಮೊಸರು ಇಟ್ಟುಕೊಂಡರೆ ಎರಡನೇ ದಿನಕ್ಕೂ ಆಯಿತು. ಅಮೆರಿಕದ ಹೆದ್ದಾರಿ ಬದಿಯಲ್ಲಿ ಸಸ್ಯಾಹಾರಿಗೆ ಸಿಗುವುದು ಏನು ಅಂತ ನಿಮಗೆ ಗೊತ್ತೇ ಇದೆ. ನಾಲ್ಕು ಜನರ ಫ್ರೆಂಚ್ ಫ್ರೈಸ್‌ಗೆ ನಲವತ್ತು ಡಾಲರ್ ಕೊಟ್ಟು ಹೊಟ್ಟೆ ತುಂಬದೆ ಎದ್ದು ಬರುವುದಕ್ಕಿಂತ ಇದು ವಾಸಿ.

ಹೋಟೆಲ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ದುಡ್ಡು ಸೋರುವುದು ಇಲ್ಲೇ. ಒಮ್ಮೆ ನಾನು ಡೌನ್‌ಟೌನ್ ಹೋಟೆಲೊಂದನ್ನು ಅಗ್ಗ ಅಂತ ಬುಕ್ ಮಾಡಿದ್ದೆ. ಹೋದ ಮೇಲೆ ಗೊತ್ತಾಯಿತು, ಕಾರಿಗೆ ದಿನಕ್ಕೆ ಬೇರೆ ಬಾಡಿಗೆ, ಬೆಳಗಿನ ತಿಂಡಿ ಇಲ್ಲ. ಅಗ್ಗ ಅನ್ನಿಸಿದ್ದು ಕೊನೆಗೆ ಜಾಸ್ತಿಯೇ ಆಯಿತು. ತಪ್ಪು ನನ್ನದೇ, ಪೂರ್ತಿ ಓದಿರಲಿಲ್ಲ. 2025ರ ಮೇ ತಿಂಗಳಿಂದ ಒಂದು ಅನುಕೂಲವಾಗಿದೆ: ಬಾಡಿಗೆಯ ಮೇಲೆ ಕಡ್ಡಾಯವಾಗಿ ಹೇರುವ ರೆಸಾರ್ಟ್ ಫೀ ತರಹದ್ದನ್ನೆಲ್ಲ ಮೊದಲು ತೋರಿಸುವ ಬೆಲೆಯಲ್ಲೇ ಸೇರಿಸಬೇಕು ಎಂದು ಫೆಡರಲ್ ನಿಯಮ ಬಂದಿದೆ. ಆದರೆ ಸರ್ಕಾರದ ತೆರಿಗೆ ಅದರಲ್ಲಿ ಸೇರದೇ ಇರಬಹುದು. ಬೇಕೆಂದರೆ ಮಾತ್ರ ತೆಗೆದುಕೊಳ್ಳುವ ಪಾರ್ಕಿಂಗೂ ಅಷ್ಟೇ. ಹಾಗಾಗಿ ದುಡ್ಡು ಕಟ್ಟುವ ಕೊನೇ ಪುಟದವರೆಗೂ ಹೋಗಿ, ಅಲ್ಲಿ ಕಾಣುವ ಮೊತ್ತವನ್ನೇ ಹೋಲಿಸಿ ನೋಡಿ.

ಬುಕ್ ಮಾಡುವ ಮುನ್ನ ಕಾರ್ಡಿನಲ್ಸ್ ತಂಡದ ಬೇಸ್‌ಬಾಲ್ ವೇಳಾಪಟ್ಟಿಯನ್ನೂ ಒಮ್ಮೆ ನೋಡಿ. ಆ ವೀಕೆಂಡ್ ಊರಿನಲ್ಲೇ ಪಂದ್ಯ ಇದ್ದರೆ ಬುಶ್ ಸ್ಟೇಡಿಯಂ ಸುತ್ತಮುತ್ತ ರೂಮಿನ ದರ ಏರುತ್ತದೆ, ಪಾರ್ಕಿಂಗ್ ದರವೂ ಏರುತ್ತದೆ. ನಾನಾದರೆ ಡೌನ್‌ಟೌನ್ ಬಿಟ್ಟು ಕ್ಲೇಟನ್ ಕಡೆಗೋ, ಇನ್ನೂ ಪಶ್ಚಿಮದ ಬಡಾವಣೆಗಳ ಕಡೆಗೋ ನೋಡುತ್ತೇನೆ. ಕ್ಲೇಟನ್ ಆಫೀಸುಗಳ ಊರು, ವಾರದ ದಿನ ಗಿಜಿಗಿಜಿ. ಇಂಥ ಕಡೆ ರಜೆಯಲ್ಲಿ ರೂಮು ಖಾಲಿ ಉಳಿಯುವ ಸಂಭವ ಜಾಸ್ತಿ. ಫಾರೆಸ್ಟ್ ಪಾರ್ಕ್ ಪಕ್ಕದಲ್ಲೇ, ಮೆಟ್ರೋಲಿಂಕ್ ರೈಲೂ ಇದೆ. ತಿಂಡಿ ಸೇರಿದ, ಮೈಕ್ರೋವೇವ್ ಮತ್ತು ಫ್ರಿಡ್ಜ್ ಇರುವ ರೂಮೇ ಬೇಕು ಅಂತ ಹಠ ಹಿಡಿಯಿರಿ. ಈಜುಕೊಳ ಇದ್ದರೆ ಮಕ್ಕಳ ಒಂದು ಸಂಜೆ ಅಲ್ಲೇ ಕಳೆದುಹೋಗುತ್ತದೆ.

"ಆ ಊರು ಸೇಫ್ ಅಲ್ಲ ಅಂತಾರಲ್ಲ?" ಅಂತ ಮುಂದಿನ ಪ್ರಶ್ನೆ ಬರುತ್ತದೆ, ನನಗೆ ಗೊತ್ತು. ಅಪರಾಧದ ಪಟ್ಟಿಗಳಲ್ಲಿ ಸೇಂಟ್ ಲೂಯಿಸ್ ಹೆಸರು ಮೇಲೆ ಬರುವುದು ನಿಜ. ಆದರೆ 1876ರಲ್ಲಿ ಈ ನಗರ ತನ್ನ ಕೌಂಟಿಯಿಂದ ಬೇರೆಯಾಯಿತು. ಇವತ್ತು ನಗರದ ಗಡಿಯೊಳಗೆ ಇರುವವರು ಮೂರು ಲಕ್ಷಕ್ಕೂ ಕಡಿಮೆ, ಸುತ್ತಲಿನ ಮಹಾನಗರ ಪ್ರದೇಶದಲ್ಲಿ ಇಪ್ಪತ್ತೈದು ಲಕ್ಷಕ್ಕೂ ಜಾಸ್ತಿ. ಬೇರೆ ಎಷ್ಟೋ ನಗರಗಳ ಲೆಕ್ಕದಲ್ಲಿ ಶಾಂತವಾದ ಬಡಾವಣೆಗಳೂ ಸೇರಿಕೊಂಡಿರುತ್ತವೆ. ಇಲ್ಲಿ ಅವು ಹೊರಗೆ ಉಳಿದು, ತಲಾವಾರು ಅಂಕಿ ದೊಡ್ಡದಾಗಿ ಕಾಣುತ್ತದೆ. ಹಾಗಂತ ಸುಮ್ನೆ ಮೈಮರೆಯಬೇಡಿ. ಕಾರಿನ ಸೀಟಿನ ಮೇಲೆ ಬ್ಯಾಗು, ಲ್ಯಾಪ್‌ಟಾಪ್, ಚಾರ್ಜರ್ ಯಾವುದನ್ನೂ ಬಿಡಬೇಡಿ. ಗಾಜು ಒಡೆದರೆ ಅದರ ರಿಪೇರಿಯೇ ನಿಮ್ಮ ಬಜೆಟ್ ನುಂಗುತ್ತದೆ.

ಶನಿವಾರ ಮಧ್ಯಾಹ್ನ ಊರು ಸೇರಿದ ಮೇಲೆ ಆರ್ಚ್ ನೋಡಿ, ಈ ಊರಿನ ಹೆಸರಾಂತ ಭಾರಿ ಕಮಾನು ಅದು. 630 ಅಡಿ ಎತ್ತರ, ಅಷ್ಟೇ ಅಗಲ. 1965ರಲ್ಲಿ ಕಟ್ಟಿ ಮುಗಿಸಿದ್ದು. ಅದರ ಕಾಲಡಿಯ ಹುಲ್ಲುಹಾಸು, ನೆಲದೊಳಗಿನ ಮ್ಯೂಸಿಯಂ ಎರಡೂ ಉಚಿತ. ತುದಿಗೆ ಕರೆದೊಯ್ಯುವ ಟ್ರಾಮ್‌ಗೆ ಮಾತ್ರ ಟಿಕೆಟ್. ಐದು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ ಪುಟ್ಟ ಡಬ್ಬಿ ಅದು, ಹತ್ತಲು ನಾಲ್ಕು ನಿಮಿಷ. ಇಕ್ಕಟ್ಟಾದ ಜಾಗ ಆಗದವರು ಕೆಳಗೇ ಇರುವುದು ಒಳ್ಳೆಯದು.

ಟ್ರಾಮ್ ಬೇಕೋ ಸಿಟಿ ಮ್ಯೂಸಿಯಂ ಬೇಕೋ ಅಂತ ಒಂದನ್ನೇ ಆರಿಸಬೇಕಾದರೆ, ನಿಮ್ಮ ಮಕ್ಕಳ ವಯಸ್ಸಿಗೆ ನಾನು ಕಣ್ಣುಮುಚ್ಚಿ ಸಿಟಿ ಮ್ಯೂಸಿಯಂ ಅನ್ನುತ್ತೇನೆ. ಹೆಸರು ಕೇಳಿ ಗಾಜಿನ ಪೆಟ್ಟಿಗೆ, ಹಳೇ ನಾಣ್ಯ ಅಂದುಕೊಳ್ಳಬೇಡಿ. ಹಳೆಯ ಶೂ ಕಂಪನಿಯ ಕಟ್ಟಡವೊಂದನ್ನು ಗುಜರಿ ಸಾಮಾನಿನಿಂದಲೇ ದೊಡ್ಡ ಆಟದ ಮನೆ ಮಾಡಿ 1997ರಲ್ಲಿ ತೆರೆದದ್ದು. ಒಳಗೆ ಗುಹೆಗಳು, ತೂರಿ ಹೋಗುವ ಸುರಂಗಗಳು, ಹತ್ತು ಅಂತಸ್ತಿನ ಜಾರುಬಂಡಿ. ಚಾವಣಿಯ ಅಂಚಿನಿಂದ ಅರ್ಧ ಹೊರಗೆ ಚಾಚಿದ ಒಂದು ಸ್ಕೂಲ್ ಬಸ್ ಕೂಡ ಇದೆ. ಟಿಕೆಟ್ ಅಗ್ಗವಲ್ಲ, ಆದರೆ ಈ ಊರಿನಲ್ಲಿ ದುಡ್ಡು ಕೊಟ್ಟು ನೋಡಬೇಕಾದ್ದು ಇದೇ. ದೊಡ್ಡವರೂ ಮೊಣಕಾಲಿನ ಮೇಲೆ ತೆವಳಬೇಕಾಗುತ್ತದೆ, ಸೀರೆ, ಚೂಡಿದಾರ್ ಬೇಡ, ಗಟ್ಟಿ ಪ್ಯಾಂಟ್ ಹಾಕಿಕೊಳ್ಳಿ.

ಭಾನುವಾರ ಪೂರ್ತಿ ಫಾರೆಸ್ಟ್ ಪಾರ್ಕ್‌ಗೆ ಕೊಡಿ. ಅದು 1,300 ಎಕರೆಯಷ್ಟಿದೆ. ಮೃಗಾಲಯದ ಗೇಟ್ ತೆರೆಯುವ ಹೊತ್ತಿಗೇ ಹೋಗಿ, ಯಾಕೆಂದರೆ ಸೆಪ್ಟೆಂಬರ್ ಮೊದಲ ವಾರದಲ್ಲೂ ಅಲ್ಲಿ ಸೆಕೆ ಸಣ್ಣದಲ್ಲ. ಮಧ್ಯಾಹ್ನ ಬಿಸಿಲೇರಿದರೆ ಮಂಗಳೂರು ನೆನಪಾಗುತ್ತದೆ. ಮೃಗಾಲಯದ್ದೇ ಪಾರ್ಕಿಂಗ್ ಜಾಗಕ್ಕೆ ದುಡ್ಡು ಕೀಳುತ್ತಾರೆ. ಪಾರ್ಕಿನೊಳಗಿನ ರಸ್ತೆ ಬದಿಯಲ್ಲಿ ಬಿಟ್ಟಿ ಜಾಗ ಸಿಗುತ್ತದೆ, ಅದೂ ಬೇಗ ಹೋದವರಿಗೆ. ಮರದಡಿ ಊಟ ಮುಗಿಸಿ ಮಧ್ಯಾಹ್ನ ತಣ್ಣಗಿನ ಆರ್ಟ್ ಮ್ಯೂಸಿಯಂ ಹೊಕ್ಕುಬಿಡಿ. ಇದನ್ನು ಸೋಮವಾರಕ್ಕೆ ಇಟ್ಟುಕೊಳ್ಳಬೇಡಿ, ಆರ್ಟ್ ಮ್ಯೂಸಿಯಂ, ಹಿಸ್ಟರಿ ಮ್ಯೂಸಿಯಂ ಎರಡಕ್ಕೂ ಸಾಮಾನ್ಯವಾಗಿ ಸೋಮವಾರ ರಜೆ. ಲಾಂಗ್ ವೀಕೆಂಡ್‌ನವರು ಎಡವುವುದು ಇಲ್ಲೇ.

ಲೇಬರ್ ಡೇ ಬದಲು ಜುಲೈನಲ್ಲಿ ಹೋಗುವ ಹಾಗಿದ್ದರೆ ಇನ್ನೊಂದು ಲಾಭವಿದೆ. ಇದೇ ಪಾರ್ಕಿನಲ್ಲಿ ಮ್ಯೂನಿ ಎಂಬ ಬಯಲು ರಂಗಮಂದಿರ ಇದೆ, ಹನ್ನೊಂದು ಸಾವಿರ ಸೀಟು. ಹಿಂದಿನ ಸುಮಾರು 1,500 ಸೀಟು ಪ್ರತಿ ಪ್ರದರ್ಶನಕ್ಕೂ ಉಚಿತ, ಮೊದಲು ಬಂದವರಿಗೆ ಮೊದಲು.

ಸಂಜೆಯ ಊಟಕ್ಕೆ ಸೌತ್ ಗ್ರಾಂಡ್ ರಸ್ತೆಗೆ ಹೋಗಿ. ವಿಯೆಟ್ನಾಂ, ಥಾಯ್, ಇಥಿಯೋಪಿಯಾ ಅಂತ ಬಗೆಬಗೆ ಊಟ ಒಂದೇ ಬೀದಿಯಲ್ಲಿದೆ. ಇಥಿಯೋಪಿಯಾದ ಇಂಜೆರಾ ನೋಡಿದರೆ ಮಕ್ಕಳು ದೋಸೆ ಅನ್ನುತ್ತಾರೆ, ಜೊತೆಗೆ ಬೇಳೆಯ ಪಲ್ಯ ಇರುತ್ತದೆ, ಸಸ್ಯಾಹಾರಿಗೆ ಹೊಟ್ಟೆ ತುಂಬಾ ಊಟ. ಊರಿನ ಹೆಮ್ಮೆಯ ಟೋಸ್ಟೆಡ್ ರವಿಯೋಲಿಯೊಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ, ಕೇಳಿಯೇ ತಿನ್ನಿ. ಹಳೇ ರೂಟ್ 66 ಹೆದ್ದಾರಿಯ ಮೇಲಿರುವ ಟೆಡ್ ಡ್ರೂಸ್ ಅಂಗಡಿಯ ಫ್ರೋಜನ್ ಕಸ್ಟರ್ಡ್ ತಿನ್ನದೆ ಬರಬೇಡಿ ಅಂತ ಊರಿನವರೆಲ್ಲ ಹೇಳುತ್ತಾರೆ. ಕಪ್ಪನ್ನು ತಲೆಕೆಳಗು ಹಿಡಿದರೂ ಬೀಳದಷ್ಟು ಗಟ್ಟಿ. ಆದರೆ ಫ್ರೋಜನ್ ಕಸ್ಟರ್ಡ್ ಅಂದರೆ ಅದರಲ್ಲಿ ಮೊಟ್ಟೆಯ ಹಳದಿ ಇರುತ್ತದೆ. ಮೊಟ್ಟೆ ತಿನ್ನದವರು ಈಗಲೇ ತಿಳಿದುಕೊಂಡರೆ ಒಳ್ಳೆಯದು.

ಲೆಕ್ಕ ಹೀಗೆ ಹಾಕಿದ್ದೇನೆ, ನಿಮ್ಮ ಕಾರು, ನೀವು ಹುಡುಕಿದ ರೂಮು ನೋಡಿ ತಿದ್ದಿಕೊಳ್ಳಿ. ಹೋಗಿ ಬಂದು, ಊರೊಳಗೆ ಸುತ್ತಿ ಸುಮಾರು 640 ಮೈಲಿ. ಗ್ಯಾಲನ್‌ಗೆ 28 ಮೈಲಿ ಕೊಡುವ ಕಾರಾದರೆ 23 ಗ್ಯಾಲನ್, ಗ್ಯಾಲನ್‌ಗೆ 3.50 ಡಾಲರ್ ಹಿಡಿದರೂ ಎಂಬತ್ತರ ಆಸುಪಾಸು. ರೂಮಿಗೆ ತೆರಿಗೆ ಸೇರಿ ರಾತ್ರಿಗೆ 170ರಂತೆ 340. ದಿನಕ್ಕೊಂದು ಹೊರಗಿನ ಊಟ, ಕಾಫಿ, ಐಸ್‌ಕ್ರೀಮ್ ಅಂತ 220. ಟಿಕೆಟ್‌ಗಳಿಗೆ 160, ಪಾರ್ಕಿಂಗ್ ಮತ್ತು ಚಿಲ್ಲರೆಗೆ 50. ಒಟ್ಟು 850. ಉಳಿದ 150ನ್ನು ಮುಟ್ಟಬೇಡಿ, ಟೈರ್ ಪಂಕ್ಚರ್ ಆಗುವುದು ರಜೆಯಲ್ಲೇ. ಗಂಡ ಹೆಂಡತಿ ಇಬ್ಬರೇ ಆಗಿದ್ದರೆ ಕಾರಿನ ಬದಲು ಶಿಕಾಗೋದಿಂದ ಆಮ್‌ಟ್ರಾಕ್ ರೈಲು ಹತ್ತಿ ಅನ್ನುತ್ತಿದ್ದೆ, ಸುಮಾರು ಐದು ಗಂಟೆಯ ದಾರಿ, ಇಳಿದ ಕಡೆಯೇ ಮೆಟ್ರೋಲಿಂಕ್. ಮಕ್ಕಳಿಗೆ ಅರ್ಧ ಟಿಕೆಟ್ ಇದ್ದರೂ ನಾಲ್ಕು ಜನಕ್ಕೆ ಕಾರೇ ಅಗ್ಗ.

ಸೋಮವಾರ ಬೆಳಗ್ಗೆ ರೂಮು ಖಾಲಿ ಮಾಡಿ ಮಿಸಿಸಿಪಿ ನದಿ ದಾಟಿ. ಮ್ಯೂಸಿಯಂಗಳ ಬಾಗಿಲು ಮುಚ್ಚಿದ ಆ ದಿನಕ್ಕೆ ದಾರಿಯಲ್ಲೇ ಕಹೋಕಿಯಾ ಇದೆ. ಸಾವಿರ ವರ್ಷದ ಹಿಂದೆ ಇಲ್ಲಿ ಮೂಲನಿವಾಸಿಗಳ ದೊಡ್ಡ ನಗರವಿತ್ತು. ಮೆಕ್ಸಿಕೋದಿಂದ ಉತ್ತರಕ್ಕೆ ಆ ಕಾಲದಲ್ಲಿ ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿ ಎಬ್ಬಿಸಿದ ದಿಬ್ಬಗಳು ಈಗಲೂ ನಿಂತಿವೆ. 1982ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ. ದಿಬ್ಬಗಳನ್ನು ನೋಡಲು ಟಿಕೆಟ್ ಇಲ್ಲ. ಎಲ್ಲಕ್ಕಿಂತ ದೊಡ್ಡದಾದ ಮಾಂಕ್ಸ್ ಮೌಂಡ್ ನೂರು ಅಡಿ ಎತ್ತರ, ಮೆಟ್ಟಿಲಿದೆ. ಮೇಲೆ ಹತ್ತಿ ಪಶ್ಚಿಮಕ್ಕೆ ತಿರುಗಿದರೆ, ಶನಿವಾರ ನೀವು ಕೆಳಗಿನಿಂದ ನೋಡಿದ ಆರ್ಚ್ ದೂರದಲ್ಲಿ ಸಣ್ಣ ಬಳೆಚೂರಿನಂತೆ ಕಾಣುತ್ತದೆ. ಹನ್ನೊಂದರೊಳಗೆ ಇಳಿದು ಐ-55 ಸೇರಿಕೊಳ್ಳಿ, ಸಂಜೆ ವಾಪಸಾಗುವವರ ಟ್ರಾಫಿಕ್ ಶುರುವಾಗುವ ಮುನ್ನ ಮನೆ ಮುಟ್ಟಬಹುದು.